ಮೋಟಾರು ಬಂಡಿಯ ಕಿಡಿ ಬೆಳೆದು ಬಂದ ಬಗೆ

ರೇಡಿಯೋ ಇರುವ ಮನೆಗಳವರಿಗೆ ಒಂದು ಕಿರುಕುಳ ಚಿರಪರಿಚಿತವಾದುದು. ಮಧ್ಯಮ ತರಂಗದಲ್ಲಿ ಸಂಗೀತವೋ ವಾರ್ತೆಯೋ ಸಾಗಿರುವಾಗ ಬೀದಿಯಲ್ಲಿ ಹಳೆಯ ಮೋಟಾರು ಬಂಡಿಯೊಂದು ಹಾದುಹೋದರೆ ಪೆಟ್ಟಿಗೆಯೊಳಗಿನಿಂದ ಕರಕರ ಸದ್ದು ಏಳುತ್ತದೆ. ಬಂಡಿ ದೂರ ಸರಿದಂತೆ ಸದ್ದೂ ಅಡಗುತ್ತದೆ. ಎಂಜಿನ್ನಿನಲ್ಲಿ ಹಾರುವ ವಿದ್ಯುತ್ಕಿಡಿಯೇ ಇದಕ್ಕೆ ಕಾರಣ. ಹಾಗೆಂದು ಆ ಕಿಡಿಯನ್ನು ರೇಡಿಯೋವಿನ ಹಗೆಯೆಂದು ಎಣಿಸುವುದು ನ್ಯಾಯವಲ್ಲ. 1886ರಿಂದ 1888ರವರೆಗೆ ಜರ್ಮನಿಯ ಕಾರ್ಲ್ಸ್‌ರೂಹ ಪಟ್ಟಣದಲ್ಲಿ ಹೈನ್ರಿಖ್ ಹರ್ಟ್ಸ್ ಎಂಬ ವಿಜ್ಞಾನಿಯು ಇಂಥದೇ ಸುರುಳಿಯಿಂದ ಇಂಥದೇ ಕಿಡಿಗಳನ್ನು ಹಾರಿಸಿ, ಅವುಗಳಿಂದ ಹೊರಟ ಅದೃಶ್ಯ ತರಂಗಗಳನ್ನು ಕೋಣೆಯ ಮತ್ತೊಂದು ಕೊನೆಯಲ್ಲಿ ಹಿಡಿದು ತೋರಿಸಿದನು. ಇಂದಿನ ಆಕಾಶವಾಣಿಯ ಬೀಜ ಅಲ್ಲಿದೆ. ಮೋಟಾರು ಬಂಡಿಯೂ ರೇಡಿಯೋವೂ ಒಂದೇ ಕಿಡಿಯಿಂದ ಹುಟ್ಟಿದ ದಾಯಾದಿಗಳು.

ಆ ಕಿಡಿಯನ್ನು ಹುಟ್ಟಿಸುವ ಉಪಾಯ ಹೇಗೆ ಬೆಳೆಯಿತು, ಅರುವತ್ತು ವರ್ಷ ಮೆರೆದ ಒಂದು ಪುಟ್ಟ ಯಂತ್ರಭಾಗ ಏಕೆ ಹಿಂದೆ ಸರಿಯಿತು, ಹಳೆಯ ಬಂಡಿಯನ್ನು ಪ್ರೀತಿಯಿಂದ ಕಾಪಾಡಿಕೊಂಡು ಬಂದವರು ಈಗ ಆ ಭಾಗವನ್ನು ಕಿತ್ತು ಹೊಸ ಎಲೆಕ್ಟ್ರಾನಿಕ್ ಸಾಧನವನ್ನು ಕೂಡಿಸಬಹುದೇ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಅರಣಿಯನ್ನು ಕಡೆದು ಬೆಂಕಿಯನ್ನು ಪಡೆಯುವವನಿಗೆ ಕಾಲದ ಗಡಿಬಿಡಿಯಿಲ್ಲ. ಬೆಂಕಿ ಒಂದು ಗಳಿಗೆ ತಡವಾಗಿ ಹೊತ್ತಿದರೂ ಕೆಲಸ ಕೆಡುವುದಿಲ್ಲ. ಎಂಜಿನ್ನಿನ ಸ್ಥಿತಿ ಹಾಗಲ್ಲ. ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತು ಸಿಲಿಂಡರಿನೊಳಗೆ ಸೇರುತ್ತವೆ. ಪಿಸ್ಟನ್ನು ಮೇಲೆ ಬಂದು ಅವನ್ನು ಅದುಮುತ್ತದೆ. ಅದುಮಿದ ಗಳಿಗೆಗೆ ಸರಿಯಾಗಿ ಕಿಡಿ ಬಿದ್ದರೆ ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಕ್ಕೆ ದೂಡುತ್ತದೆ. ಕಿಡಿ ಮುಂಚೆ ಬಿದ್ದರೆ ಏರುತ್ತಿರುವ ಪಿಸ್ಟನ್ನಿಗೆ ಎದುರೇಟು. ತಡವಾಗಿ ಬಿದ್ದರೆ ಶಕ್ತಿ ವ್ಯರ್ಥ, ಎಂಜಿನ್ನಿಗೆ ಕಾವು, ಹೊಗೆಗೊಳವೆಯಲ್ಲಿ ಸಿಡಿತ. ನಾಲ್ಕು ಸಿಲಿಂಡರಿನ ಸಾಧಾರಣ ಬಂಡಿಯೊಂದು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆಯೆನ್ನೋಣ. ಸುತ್ತಿಗೆ ಎರಡರಂತೆ ನಿಮಿಷಕ್ಕೆ 6000 ಕಿಡಿಗಳು, ಎಂದರೆ ಸೆಕೆಂಡಿಗೆ ನೂರು. ಒಂದೊಂದೂ ತನ್ನ ಗಳಿಗೆಯನ್ನು ತಪ್ಪದೆ ಬೀಳಬೇಕು.

ಇಟಲಿಯ ಅಲೆಸಾಂಡ್ರೊ ವೋಲ್ಟಾ 1777ರ ಸುಮಾರಿಗೇ ಒಂದು ವಿನೋದದ ಪಿಸ್ತೂಲನ್ನು ಮಾಡಿದ್ದನು. ಮುಚ್ಚಿದ ಪಾತ್ರೆಯೊಳಗಣ ಅನಿಲಕ್ಕೆ ವಿದ್ಯುತ್ತಿನ ಕಿಡಿ ತಗುಲಿಸಿದರೆ ಅದು ಸಿಡಿದು ಬಿರಡೆಯನ್ನು ಹಾರಿಸುತ್ತಿದ್ದಿತು. ಕಿಡಿಯಿಂದ ಅನಿಲವನ್ನು ಸಿಡಿಸಬಹುದೆಂಬುದು ಹೀಗೆ ತಿಳಿಯಿತು. 1860ರಲ್ಲಿ ಪ್ಯಾರಿಸಿನಲ್ಲಿದ್ದ ಲೆನ್ವಾರ್ ಎಂಬಾತನು ತನ್ನ ಅನಿಲ ಎಂಜಿನ್ನಿನಲ್ಲಿ ರೂಮ್‌ಕೋರ್ಫ್ ಸುರುಳಿಯನ್ನು ಹೂಡಿ ವಿದ್ಯುತ್ಕಿಡಿಯನ್ನು ನಿಜವಾದ ಕೆಲಸಕ್ಕೆ ಹಚ್ಚಿದನು. ಆದರೆ ಆ ಕಾಲದ ಬ್ಯಾಟರಿಗಳು ದುರ್ಬಲ, ತಂತಿಯ ಹೊದಿಕೆ ನಂಬಲರ್ಹವಲ್ಲ. ಆದಕಾರಣ 1876ರಲ್ಲಿ ನಾಲ್ಕು ಹೊಡೆತದ ಎಂಜಿನ್ನನ್ನು ನಿರ್ಮಿಸಿದ ನಿಕೊಲೌಸ್ ಓಟೊ ಮತ್ತೆ ಬೆಂಕಿಯ ನಾಲಗೆಯನ್ನೇ ನೆಚ್ಚಿದನು. ಉರಿಯುವ ದೀಪದಿಂದ ಒಂದಿಷ್ಟು ಜ್ವಾಲೆಯನ್ನು ಸರಿಯುವ ಕವಾಟವೊಂದು ಸಿಲಿಂಡರಿನೊಳಕ್ಕೆ ಒಯ್ದು ಮುಟ್ಟಿಸುತ್ತಿದ್ದಿತು. ಡೈಮ್ಲರ್ ಮತ್ತು ಮೈಬಾಖ್ ಇಬ್ಬರೂ 1885ರಲ್ಲಿ ಕಾಯಿಸಿದ ಕೊಳವೆಯನ್ನು ಬಳಸಿದರು. ಕೊಳವೆಯನ್ನು ಹೊರಗಿನಿಂದ ದೀಪದಿಂದ ಕೆಂಪಗೆ ಕಾಯಿಸಿಟ್ಟರೆ ಅದುಮಿದ ಮಿಶ್ರಣವು ಅದರೊಳಕ್ಕೆ ನುಗ್ಗಿ ಹೊತ್ತಿಕೊಳ್ಳುತ್ತಿದ್ದಿತು. ಸರಳವಾದ ಉಪಾಯವೇನೋ ಹೌದು. ಆದರೆ ಪೆಟ್ರೋಲು ತುಂಬಿದ ಬಂಡಿಯಲ್ಲಿ ಸದಾ ಉರಿಯುವ ದೀಪ! ಅಲ್ಲದೆ ಹೊತ್ತುವ ಗಳಿಗೆಯನ್ನು ಹಿಂದೆಮುಂದೆ ಮಾಡುವ ಹಿಡಿತ ಸಾರಥಿಯ ಕೈಯಲ್ಲಿ ಇರಲಿಲ್ಲ.

ಕಾರ್ಲ್ ಬೆನ್ಜ್ ಮಾತ್ರ ಮೊದಲಿನಿಂದಲೂ ವಿದ್ಯುತ್ಕಿಡಿಯ ಪಕ್ಷ. ಎಲ್ಲ ತೊಡಕುಗಳಿಗಿಂತ ದೊಡ್ಡ ತೊಡಕು ಕಿಡಿಯದೇ ಎಂದು ಅವನು ಬಗೆದಿದ್ದನು. 1886ರಲ್ಲಿ ಸನ್ನದು ಪಡೆದ ಅವನ ಮೂರು ಚಕ್ರದ ಬಂಡಿಯಲ್ಲಿ ಬ್ಯಾಟರಿಯೂ ಕಂಪಿಸುವ ಸುರುಳಿಯೂ ಇದ್ದವು. 1888ರ ಆಗಸ್ಟಿನಲ್ಲಿ ಅವನ ಮಡದಿ ಬೆರ್ತಾ ಬೆನ್ಜ್, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ತನ್ನ ತೌರೂರಾದ ಫೋರ್ಟ್ಸ್‌ಹೈಮಿಗೆ ಸುಮಾರು ನೂರು ಕಿಲೋಮೀಟರು ಬಂಡಿಯನ್ನು ನಡೆಸಿದಳು. ದಾರಿಯಲ್ಲಿ ಕಿಡಿಯ ತಂತಿಯ ಹೊದಿಕೆ ಸವೆದು ವಿದ್ಯುತ್ತು ಸೋರಲು, ಆಕೆ ಕಾಲುಚೀಲದ ಪಟ್ಟಿಯನ್ನು ಬಿಚ್ಚಿ ತಂತಿಗೆ ಸುತ್ತಿದಳೆಂದು ಪ್ರಸಿದ್ಧಿ. ಆಕೆ ಸಾಗಿದ ದಾರಿ ಕಾರ್ಲ್ಸ್‌ರೂಹದ ಮಗ್ಗುಲಲ್ಲೇ ಹಾದುಹೋಗುತ್ತದೆ; ಹರ್ಟ್ಸ್ ತನ್ನ ತರಂಗಗಳನ್ನು ಪರೀಕ್ಷಿಸುತ್ತಿದ್ದುದೂ ಅದೇ ವರ್ಷ, ಅದೇ ಪಟ್ಟಣದಲ್ಲಿ. ಕಾಲುಚೀಲದ ಪಟ್ಟಿಯ ಈ ಪ್ರಸಂಗವನ್ನು ಓದುಗರು ನೆನಪಿನಲ್ಲಿಡಬೇಕು. ಬಂಡಿಯನ್ನು ನಡೆಸುವವರು ಅದನ್ನು ಬಲ್ಲವರೂ ಆಗಿರಬೇಕೆಂಬುದು ಆ ಕಾಲದ ನಿಯಮವಾಗಿದ್ದಿತು.

ಬ್ಯಾಟರಿಯ ಹಂಗೇ ಬೇಡವೆಂದವನು ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್. ಅಯಸ್ಕಾಂತದ ಎದುರು ತಂತಿಯ ಸುರುಳಿಯನ್ನು ಆಡಿಸಿ ವಿದ್ಯುತ್ತನ್ನು ಹುಟ್ಟಿಸುವ ಮ್ಯಾಗ್ನೆಟೊ ಎಂಬ ಯಂತ್ರವನ್ನು ಅವನು 1887ರಲ್ಲಿ ನೆಲಕ್ಕೆ ಕೂರಿಸಿದ ಎಂಜಿನ್ನಿಗಾಗಿ ಮಾಡಿದನು. 1897ರಲ್ಲಿ ಅದನ್ನು ಮೋಟಾರು ಬಂಡಿಗೆ ಒಗ್ಗಿಸಿದನು. 1902ರಲ್ಲಿ ಅವನ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ ಹೆಚ್ಚು ವೋಲ್ಟಿನ ಮ್ಯಾಗ್ನೆಟೊವನ್ನೂ ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಪಡಿಸಿದನು. ಆ ಮನೆತನದ ವಿದ್ಯೆಗೂ ನಮ್ಮ ನಾಡಿಗೂ ಮುಂದೆ ನಂಟು ಬೆಳೆಯಿತು. 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ಮೈಕೋ, ಬಾಷ್ ಸಂಸ್ಥೆಯ ಶಾಖೆಯೇ. ಅಲ್ಲಿ ತಯಾರಾದ ಪ್ಲಗ್ಗುಗಳು ನಾಡಿನ ಅಸಂಖ್ಯ ಬಂಡಿಗಳಲ್ಲಿ ಕಿಡಿಯುಗುಳಿದವು.

ಮ್ಯಾಗ್ನೆಟೊವಿಗೆ ಎರಡು ಕೊರತೆಗಳು. ಬೆಲೆ ಹೆಚ್ಚು, ಮತ್ತು ಎಂಜಿನ್ನು ನಿಧಾನವಾಗಿ ತಿರುಗುವಾಗ, ಎಂದರೆ ಹ್ಯಾಂಡಲ್ ಹಾಕಿ ತಿರುಗಿಸುವ ಆರಂಭಕಾಲದಲ್ಲೇ, ಅದರ ಕಿಡಿ ಬಡವಾಗುತ್ತದೆ. ಈ ಕೊರತೆಯನ್ನು ನೀಗಿದವನು ಅಮೆರಿಕದ ಒಹಾಯೊ ಪ್ರಾಂತದ ಚಾರ್ಲ್ಸ್ ಕೆಟರಿಂಗ್. ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದವನು. ಕಣ್ಣಿನ ಬೇನೆಯಿಂದ ಓದು ನಡುವೆ ನಿಂತು, ಕೊನೆಗೆ 1904ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದವನು. ಉಪಾಧ್ಯಾಯ ವೃತ್ತಿಯ ನಮ್ಮಂಥವರಿಗೆ ಇದು ಕೇಳಲು ಹಿತವಾದ ಸಂಗತಿ. ಡೇಟನ್ ಪಟ್ಟಣದಲ್ಲಿ ಎಡ್ವರ್ಡ್ ಡೀಡ್ಸ್ ಎಂಬ ಮಿತ್ರನ ಮನೆಯ ಕೊಟ್ಟಿಗೆಯಲ್ಲಿ ಸಂಗಡಿಗರೊಡನೆ ಕುಳಿತು ಅವನು ಹೊಸ ಕಿಡಿಯಂತ್ರವನ್ನು ಕಟ್ಟಿದನು. 1910ರ ಮಾದರಿಯ ಕ್ಯಾಡಿಲ್ಯಾಕ್ ಬಂಡಿಗಳಿಗೆ ಅದು ಏರಿತು. 1912ರ ಮಾದರಿಯಲ್ಲಿ ವಿದ್ಯುತ್ತಿನಿಂದ ಎಂಜಿನ್ನನ್ನು ಚಾಲೂ ಮಾಡುವ ಸಾಧನ, ದೀಪ, ಕಿಡಿ ಮೂರಕ್ಕೂ ಒಂದೇ ಬ್ಯಾಟರಿ ಎಂಬ ಏರ್ಪಾಡು ಬಂದಿತು. ಬಂಡಿಯಲ್ಲಿ ಹೇಗಿದ್ದರೂ ಬ್ಯಾಟರಿ ಇರಬೇಕೆಂದಾದ ಮೇಲೆ ದುಬಾರಿಯ ಮ್ಯಾಗ್ನೆಟೊ ಏಕೆ? ಅದು ಕ್ರಮೇಣ ಕಾರುಗಳಿಂದ ಮರೆಯಾಯಿತು. ಬ್ಯಾಟರಿ ಸತ್ತರೂ ಕಿಡಿ ನಿಲ್ಲಬಾರದ ಪುಟ್ಟ ವಿಮಾನಗಳಲ್ಲಿ ಇಂದಿಗೂ ಉಳಿದಿದೆ.

ಕೆಟರಿಂಗನ ತತ್ತ್ವದಂತೆ ರೂಢಿಗೆ ಬಂದ ಉಪಕರಣದ ಮರ್ಮ ಇಷ್ಟೆ. ಕಾಯಿಲ್ ಎಂಬ ಡಬ್ಬಿಯಲ್ಲಿ ಎರಡು ಸುರುಳಿಗಳು: ದಪ್ಪ ತಂತಿಯ ಕೆಲವು ನೂರು ಸುತ್ತು ಒಂದು, ಕೂದಲಿನಂಥ ತಂತಿಯ ಸಾವಿರಾರು ಸುತ್ತು ಮತ್ತೊಂದು. ದಪ್ಪ ಸುರುಳಿಯಲ್ಲಿ ಬ್ಯಾಟರಿಯ ಪ್ರವಾಹ ಹರಿಯುವಷ್ಟು ಹೊತ್ತು ಒಳಗಿನ ಕಬ್ಬಿಣ ಅಯಸ್ಕಾಂತವಾಗಿರುತ್ತದೆ. ಪ್ರವಾಹವನ್ನು ಥಟ್ಟನೆ ಕಡಿದರೆ ಆ ಕಾಂತಶಕ್ತಿ ಕುಸಿದು, ಸಣ್ಣ ತಂತಿಯಲ್ಲಿ ಹದಿನೈದು ಇಪ್ಪತ್ತು ಸಾವಿರ ವೋಲ್ಟಿನ ವಿದ್ಯುತ್ತು ಉಕ್ಕಿ ಪ್ಲಗ್ಗಿನ ಸಂದಿನಲ್ಲಿ ಕಿಡಿಯಾಗಿ ಹಾರುತ್ತದೆ. ಹೀಗೆ ಕಡಿಯುವ ಕೆಲಸ ಪಾಯಿಂಟುಗಳದು. ಡಿಸ್ಟ್ರಿಬ್ಯೂಟರಿನೊಳಗೆ ಎದುರುಬದುರಾಗಿ ಕುಳಿತ ಈ ಎರಡು ಲೋಹದ ಬೊಟ್ಟುಗಳನ್ನು ನಡುವೆ ತಿರುಗುವ ಮೂಲೆಮೂಲೆಯ ದಂಡವೊಂದು ಬಿಡಿಸುತ್ತದೆ, ಸ್ಪ್ರಿಂಗು ಮತ್ತೆ ಕೂಡಿಸುತ್ತದೆ. ಬಿಡಿಸುವಾಗ ಬೊಟ್ಟುಗಳ ನಡುವೆಯೇ ಕಿಡಿ ಹಾರಿ ಶಕ್ತಿ ಸೋರದಂತೆ ತಡೆಯುವುದು ಕಂಡೆನ್ಸರ್. ಹುಟ್ಟಿದ ವಿದ್ಯುತ್ತನ್ನು ಸಿಲಿಂಡರಿನಿಂದ ಸಿಲಿಂಡರಿಗೆ ಪಂಕ್ತಿಯಲ್ಲಿ ಬಡಿಸುತ್ತ ಹೋಗುವುದು ರೋಟರ್. ಪಾಯಿಂಟುಗಳ ನಡುವಣ ಸಂದು ಮಿಲಿಮೀಟರಿನ ಅರ್ಧಕ್ಕಿಂತಲೂ ಕಡಮೆ.

ಈ ಏರ್ಪಾಡಿನ ದೋಷಗಳು ಎಲ್ಲರಿಗೂ ಕಾಣುವಂಥವು. ಸೆಕೆಂಡಿಗೆ ನೂರು ಸಲ ಕೂಡಿ ಬಿಡುವ ಲೋಹ ಸುಟ್ಟು ಗುಳಿಬೀಳುತ್ತದೆ. ದಂಡಕ್ಕೆ ಉಜ್ಜುವ ಹಿಮ್ಮಡಿ ಸವೆಯುತ್ತದೆ. ಸವೆದಂತೆಲ್ಲ ಸಂದು ಕಿರಿದಾಗಿ ಕಿಡಿ ತಡವಾಗುತ್ತದೆ. ವೇಗ ಮಿತಿಮೀರಿದರೆ ಪಾಯಿಂಟು ಸ್ಪ್ರಿಂಗಿನ ಮಾತು ಕೇಳದೆ ಪುಟಿಯುತ್ತದೆ. ಇಷ್ಟಾದರೂ ಇದು ಅರುವತ್ತು ವರ್ಷ ಜಗತ್ತನ್ನಾಳಿತು. ಏಕೆ? ಅಗ್ಗವೆಂಬುದು ಒಂದು ಉತ್ತರ. ಯಾರಾದರೂ ದುರಸ್ತು ಮಾಡಬಹುದಾಗಿತ್ತೆಂಬುದು ಅದಕ್ಕಿಂತ ದೊಡ್ಡ ಉತ್ತರ. ನಮ್ಮ ಊರುಗಳಲ್ಲಿ ಆಂಬಾಸಿಡರ್, ಫಿಯೆಟ್ ಬಂಡಿಗಳನ್ನು ಓಡಿಸಿದವರನ್ನು ಕೇಳಿನೋಡಿ. ಘಾಟಿಯ ನಡುವೆ ಬಂಡಿ ನಿಂತರೆ ಮುಚ್ಚಳದ ಎರಡು ಕೊಂಡಿಗಳನ್ನು ಸರಿಸಿ, ಉಪ್ಪುಕಾಗದದಿಂದ ಪಾಯಿಂಟನ್ನು ಉಜ್ಜಿ, ಗೇಜು ಇಲ್ಲದಿದ್ದರೆ ದಪ್ಪ ಕಾಗದದ ಚೂರನ್ನೇ ನಡುವೆ ತೂರಿಸಿ ಸಂದನ್ನು ಕಟ್ಟಿ, ಮತ್ತೆ ಹೊರಡುತ್ತಿದ್ದರು. ಕೆಡುವಾಗಲೂ ಅದು ಹೇಳಿ ಕೆಡುತ್ತಿದ್ದಿತು: ಮೊದಲು ಎಳೆತ ಕಡಮೆ, ಆಮೇಲೆ ಮುಗ್ಗರಿಕೆ, ಕೊನೆಗೆ ನಿಲುಗಡೆ. ಬೆರ್ತಾ ಬೆನ್ಜಳ ಪಟ್ಟಿಗೂ ಈ ಕಾಗದದ ಚೂರಿಗೂ ಕುಲ ಒಂದೇ.

ಬದಲಾವಣೆಯ ಬೀಜ ಬೇರೆಡೆ ಮೊಳೆತಿದ್ದಿತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ರೇಡಿಯೋವನ್ನು ಅಂಗೈಗೆ ಇಳಿಸಿದ ಈ ಕಣ, ಚಲಿಸುವ ಭಾಗವಿಲ್ಲದೆ ಪ್ರವಾಹವನ್ನು ಕೂಡಿಸಬಲ್ಲದು, ಕಡಿಯಬಲ್ಲದು. ಪಾಯಿಂಟಿನ ಕೆಲಸವೂ ಅಷ್ಟೇ ತಾನೆ? ಮೊದಲ ಹೆಜ್ಜೆಯಲ್ಲಿ ಪಾಯಿಂಟನ್ನು ಉಳಿಸಿಕೊಂಡು ಭಾರವಾದ ಪ್ರವಾಹವನ್ನು ಟ್ರಾನ್ಸಿಸ್ಟರಿಗೆ ಹೊರಿಸಿದರು; ಪಾಯಿಂಟು ಬರಿಯ ಸಂಜ್ಞೆ ಮಾಡಿದರೆ ಸಾಕಾಯಿತು. ಎರಡನೆಯ ಹೆಜ್ಜೆಯಲ್ಲಿ ಆ ಸಂಜ್ಞೆಯನ್ನೂ ಅಯಸ್ಕಾಂತವೇ ಮಾಡತೊಡಗಿತು. 1963ರ ಹೊತ್ತಿಗೆ ಅಮೆರಿಕದ ಕೆಲವು ಕಾರುಗಳಲ್ಲಿ ಹೆಚ್ಚು ಹಣ ತೆತ್ತವರಿಗೆ ಇಂಥ ಸಾಧನ ದೊರೆಯುತ್ತಿದ್ದಿತು. 1971ರಲ್ಲಿ ಹೊರಬಂದ ಹನ್ನೆರಡು ಸಿಲಿಂಡರಿನ ಜಾಗ್ವಾರ್ ಕಾರಿಗೆ ಲೂಕಾಸ್ ಸಂಸ್ಥೆಯ ಪಾಯಿಂಟಿಲ್ಲದ ಉಪಕರಣವಿದ್ದಿತು. ಆದರೂ ಸಾಮಾನ್ಯ ಬಂಡಿಗಳಿಗೆ ಅಗ್ಗದ ಪಾಯಿಂಟೇ ಸಾಕೆಂದು ತಯಾರಕರು ಸುಮ್ಮನಿದ್ದರು.

ಅವರ ಮೌನವನ್ನು ಮುರಿದದ್ದು ಹೊಗೆಯನ್ನು ಕುರಿತ ಕಾನೂನು. ಅಮೆರಿಕದಲ್ಲಿ 1970ರ ಕೊನೆಯ ದಿನ ಜಾರಿಗೆ ಬಂದ ಶುದ್ಧವಾಯು ಶಾಸನವು ಬಂಡಿಗಳ ವಿಷಾನಿಲವನ್ನು ಬಹುಪಾಲು ತಗ್ಗಿಸಬೇಕೆಂದು ವಿಧಿಸಿತು. ಹೊಸ ಬಂಡಿಯಷ್ಟೇ ಅಲ್ಲ, 50,000 ಮೈಲಿ ಓಡಿದ ಬಂಡಿಯೂ ಆ ಮಿತಿಯೊಳಗಿರಬೇಕು. ಒಂದು ಕಿಡಿ ತಪ್ಪಿದರೆ ಉರಿಯದ ಪೆಟ್ರೋಲು ಹಾಗೆಯೇ ಹೊರಬೀಳುತ್ತದೆ. 1975ರಿಂದ ಅಲ್ಲಿ ರೂಢಿಗೆ ಬಂದ ಹೊಗೆಶೋಧಕವು ಅದರಿಂದ ಕಾದು ಹಾಳಾಗುತ್ತದೆ. ದಿನದಿನಕ್ಕೆ ಸವೆಯುವ ಪಾಯಿಂಟು, ಅದನ್ನು ಕಾಲಕಾಲಕ್ಕೆ ಸರಿಪಡಿಸಲು ಮರೆಯುವ ಯಜಮಾನ, ಇಬ್ಬರನ್ನೂ ನಂಬಿ ಇಂಥ ವಚನ ಕೊಡುವುದು ಹೇಗೆ? 1973ರ ಮಾದರಿಗಳಿಂದ ಕ್ರೈಸ್ಲರ್ ಸಂಸ್ಥೆಯು ಅಮೆರಿಕದಲ್ಲಿ ಮಾಡಿದ ತನ್ನ ಎಲ್ಲ ಕಾರುಗಳಿಗೂ ಎಲೆಕ್ಟ್ರಾನಿಕ್ ಕಿಡಿಯನ್ನು ಕೊಟ್ಟಿತು. ಎರಡು ವರ್ಷದೊಳಗೆ ಜನರಲ್ ಮೋಟಾರ್ಸ್ ಹಿಂಬಾಲಿಸಿತು. ಪಾಯಿಂಟನ್ನು ಪದಚ್ಯುತಗೊಳಿಸಿದ್ದು ವೇಗದ ಹಂಬಲಕ್ಕಿಂತ ಹೆಚ್ಚಾಗಿ ಮನುಷ್ಯನ ಮರೆವೇ ಎನ್ನಬೇಕು.

ಇನ್ನು ಹಳೆಯ ಬಂಡಿಗಳ ವಿಚಾರ. ಅವುಗಳಿಗಾಗಿ ಈಗ ದೊರೆಯುವ ಸಾಧನವು ಬೆಂಕಿಪೊಟ್ಟಣಕ್ಕಿಂತ ಬಹಳ ದೊಡ್ಡದಲ್ಲ. ಪಾಯಿಂಟು, ಕಂಡೆನ್ಸರುಗಳನ್ನು ತೆಗೆದು ಅದೇ ಜಾಗದಲ್ಲಿ ಅದನ್ನು ಕೂಡಿಸಿ, ದಂಡಕ್ಕೆ ಪುಟ್ಟ ಅಯಸ್ಕಾಂತಗಳಿರುವ ಬಳೆಯೊಂದನ್ನು ತೊಡಿಸುತ್ತಾರೆ. ಎಡ್ವಿನ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿ 1879ರಲ್ಲಿ ಕಂಡುಹಿಡಿದ ತತ್ತ್ವವೊಂದು ಇಲ್ಲಿ ಕೆಲಸ ಮಾಡುತ್ತದೆ: ಪ್ರವಾಹ ಹರಿಯುವ ತಗಡಿನ ಬಳಿ ಅಯಸ್ಕಾಂತ ಬಂದರೆ ಅದರ ಅಡ್ಡಕ್ಕೆ ಸಣ್ಣ ವೋಲ್ಟು ತಲೆದೋರುತ್ತದೆ. ಅದೇ ಸಂಜ್ಞೆ, ಅದರಂತೆ ಟ್ರಾನ್ಸಿಸ್ಟರ್ ಪ್ರವಾಹವನ್ನು ಕಡಿಯುತ್ತದೆ. ಉಜ್ಜುವುದಿಲ್ಲ, ಸುಡುವುದಿಲ್ಲ, ಸವೆಯುವುದಿಲ್ಲ. ಮುಚ್ಚಳ ಹಾಕಿದರೆ ಹೊರಗಿನಿಂದ ನೋಡುವವರಿಗೆ ಎರಡು ತಂತಿಗಳ ಹೊರತು ಬೇರೆ ಗುರುತು ಇಲ್ಲ.

ಆದರೆ ಕೆಲವು ಎಚ್ಚರಿಕೆಗಳು ಬೇಕು. ಹಳೆಯ ಇಂಗ್ಲಿಷ್ ಬಂಡಿಗಳಲ್ಲಿ ಅನೇಕಕ್ಕೆ ಬ್ಯಾಟರಿಯ ಧನಾಗ್ರವೇ ಬಂಡಿಯ ಮೈಗೆ ಕೂಡಿರುತ್ತದೆ; ಕೆಲವು 6 ವೋಲ್ಟಿನವು, ಕೆಲವು 12. ಇದನ್ನು ನೋಡದೆ ಕೂಡಿಸಿದರೆ ಸಾಧನ ಆ ಕ್ಷಣದಲ್ಲೇ ಸುಟ್ಟೀತು. ಕಾಯಿಲ್ ಸಾಧನಕ್ಕೆ ಹೊಂದುವಂತಿರಬೇಕು. ಪ್ಲಗ್ಗಿಗೆ ಹೋಗುವ ತಂತಿ ಬರಿಯ ತಾಮ್ರದ್ದಾಗಿರದೆ ಕಿಡಿಯ ಗದ್ದಲವನ್ನು ತಡೆಯುವ ಬಗೆಯದಾಗಿರಬೇಕು. ರೇಡಿಯೋವನ್ನು ಕೆಡಿಸುವ ಆ ಗದ್ದಲವೇ ಸಾಧನದ ಸಂಜ್ಞೆಯನ್ನೂ ಕೆಡಿಸೀತು. ಎಂಜಿನ್ನು ನಿಂತಿರುವಾಗ ಕೀಲಿಯನ್ನು ತೆರೆದಿಡಬಾರದು. ಕಿಡಿಯ ಕಾಲವನ್ನು ಹೊಸದಾಗಿ ಹೊಂದಿಸಬೇಕು. ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂಚಿತವಾಗಿ ಬೀಳಿಸುವ ಹಳೆಯ ತೂಕಗಳೂ ಸ್ಪ್ರಿಂಗುಗಳೂ ಡಿಸ್ಟ್ರಿಬ್ಯೂಟರಿನಲ್ಲಿ ಉಳಿದೇ ಇರುತ್ತವೆ. ಅವು ತುಕ್ಕು ಹಿಡಿದಿದ್ದರೆ ಹೊಸ ಸಾಧನ ಅದನ್ನು ಪರಿಹರಿಸದು. ಎಲ್ಲಕ್ಕಿಂತ ಮುಖ್ಯವಾದುದು, ಇದು ಹೇಳದೆ ಕೆಡುತ್ತದೆ. ಪಾಯಿಂಟಿನಂತೆ ಮುನ್ಸೂಚನೆಯಿಲ್ಲ, ಕೆಟ್ಟರೆ ದಾರಿಯಲ್ಲಿ ಉಪ್ಪುಕಾಗದದಿಂದ ಉಪಯೋಗವಿಲ್ಲ.

ಹಾಗಾದರೆ ಹಳೆಯ ಬಂಡಿಗೆ ಇದನ್ನು ಹಾಕಿಸುವುದು ಸರಿಯೇ? ಎರಡು ಪಕ್ಷಗಳಿವೆ. ಪಾಯಿಂಟು ಹೋದರೆ ಬಂಡಿಯ ಪ್ರಾಮಾಣ್ಯವೇ ಹೋಯಿತೆಂಬುದು ಒಂದು ಪಕ್ಷ. ಓಡದೆ ಮೂಲೆಯಲ್ಲಿ ನಿಂತ ಬಂಡಿಗಿಂತ ನೆಚ್ಚಿ ಓಡಿಸಬಹುದಾದ ಬಂಡಿಯೇ ಮೇಲೆಂಬುದು ಮತ್ತೊಂದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದಿನ ಭಾವ ಇವೆರಡರ ನಡುವಣದು: ಬದಲಾವಣೆ ಅನಿವಾರ್ಯವಾದರೆ ಅದು ಕಣ್ಣಿಗೆ ಹೊಡೆಯದಂತಿರಲಿ, ಬೇಕೆಂದಾಗ ಹಿಂದಕ್ಕೆ ತೆಗೆಯುವಂತಿರಲಿ. ನಮ್ಮ ದೇಶದಲ್ಲಿಯೂ 2021ರ ಜುಲೈಯಲ್ಲಿ ಬಂದ ನಿಯಮವು 50 ವರ್ಷ ದಾಟಿ ಮೂಲ ಸ್ವರೂಪದಲ್ಲೇ ಉಳಿದ ವಾಹನಗಳನ್ನು ವಿಂಟೇಜ್ ಎಂದು ಮನ್ನಿಸಿ, ಅವುಗಳಿಗೆ ‘ವಿ ಎ’ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿದೆ. ಆದ್ದರಿಂದ ಹೊಸದನ್ನು ಹಾಕಿದರೂ ಹಳೆಯದನ್ನು ಎಸೆಯದಿರುವುದು ವಿವೇಕ.

ಪ್ರಾಚೀನ ಕಾವ್ಯವನ್ನು ಸಂಪಾದಿಸುವ ಪಂಡಿತನು ಓಲೆಯ ಪಾಠ ಕೆಟ್ಟಿರುವೆಡೆ ತನ್ನ ತಿದ್ದುಪಡಿಯನ್ನು ಸೂಚಿಸುತ್ತಾನೆ. ಆದರೆ ಮೂಲದ ಅಕ್ಷರವನ್ನು ಅಡಿಯಲ್ಲಿ ಕೊಡದೆ ಬಿಡುವುದಿಲ್ಲ. ಮುಂದಿನವನು ಬಂದು ನೋಡಿ, ತಿದ್ದುಪಡಿ ತಪ್ಪೆಂದು ಕಂಡರೆ ಮೂಲಕ್ಕೆ ಮರಳುವ ದಾರಿ ತೆರೆದಿರಬೇಕು. ಹಳೆಯ ಬಂಡಿಯ ಒಡೆಯನಿಗೂ ಇದೇ ಧರ್ಮ. ತೆಗೆದ ಪಾಯಿಂಟು, ಕಂಡೆನ್ಸರು, ಅವುಗಳ ತಟ್ಟೆ ಮತ್ತು ತಿರುಪುಗಳನ್ನು ಎಣ್ಣೆ ಸವರಿ ಡಬ್ಬಿಯಲ್ಲಿಟ್ಟು ಬಂಡಿಯಲ್ಲೇ ಇರಿಸಲಿ. ಹೊಸದು ದಾರಿಯಲ್ಲಿ ಕೈಕೊಟ್ಟರೆ ಅವೇ ಮನೆ ಮುಟ್ಟಿಸಿಯಾವು.

ಡಬ್ಬಿಯಲ್ಲಿಟ್ಟ ಮಾತ್ರಕ್ಕೆ ಸಾಲದು. ಅವನ್ನು ಕೂಡಿಸಲು ಬಲ್ಲ ಕೈ ಬೇಕು. ಪಾಯಿಂಟಿನ ಸಂದನ್ನು ಕಟ್ಟಬಲ್ಲ ಮೇಸ್ತ್ರಿಗಳು ನಮ್ಮ ಪಟ್ಟಣಗಳಲ್ಲಿ ಇನ್ನೂ ಕೆಲವರಿದ್ದಾರೆ, ಅವರು ವಯಸ್ಸಾದವರು. ಅವರು ಕಲಿತದ್ದು ಪುಸ್ತಕದಿಂದಲ್ಲ, ಗುರುವಿನ ಮಗ್ಗುಲಲ್ಲಿ ನಿಂತು. ಮನೆಯಲ್ಲಿ ಹಳೆಯ ಬಂಡಿಯಿದ್ದವರು ಒಂದು ಬಿಡುವಿನ ದಿನ ಅಂಥ ಮೇಸ್ತ್ರಿಯೊಬ್ಬರನ್ನು ಕರೆಸಿ, ಮಕ್ಕಳನ್ನು ಜೊತೆಗೆ ನಿಲ್ಲಿಸಿ, ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ತೆಗೆಸಿ ತೋರಿಸಲಿ. ಬೊಟ್ಟುಗಳು ಬಿಡುವ ಕ್ಷಣವೇ ಕಿಡಿ ಹುಟ್ಟುವ ಕ್ಷಣವೆಂಬುದನ್ನು ಮಗು ಒಮ್ಮೆ ಕಣ್ಣಾರೆ ಕಂಡರೆ, ಆಮೇಲೆ ಬಂಡಿಯಲ್ಲಿ ಯಾವ ಸಾಧನವಿದ್ದರೂ ಚಿಂತೆಯಿಲ್ಲ.